ಅಜ್ಜನ ಭುಜದಷ್ಟು ಬೇಲಿ

ಬೇಲಿಯ ಆಚೆಗೂ ಈಚೆಗೂ ಪೂಜ್ಯನಾದ ಅಜ್ಜನ ಪಾದಗಳಿಗೆ, ಮೊಮ್ಮಗ ಸುಮಂತನ ಸಾಷ್ಟಾಂಗ ನಮಸ್ಕಾರ ಹಾಗೂ ತಪ್ಪೊಪ್ಪಿಗೆ.

ಬೆಳಿಗ್ಗೆ ಎದ್ದವನೇ ನೀನು ಕತ್ತಿ ಹಿಡಿದು ದಾಸವಾಳದ ಬೇಲಿಗೆ ಭುಜ ತಾಗಿಸಿ ನಿಲ್ಲುತ್ತಿದ್ದೆ. ಭುಜ ದಾಟಿದ ಟೊಂಗೆಯೆಲ್ಲ ನೆಲಕ್ಕೆ. ‘ಬೇಲಿ ಇರೋದು ದನಕ್ಕೆ ಮಾರಾಯ್ತಿ, ಮಾತಿಗಲ್ಲ’ ಎಂದು ಆಚೆಮನೆಯ ಗಿರಿಜಕ್ಕನನ್ನು ಕರೆಯುತ್ತಿದ್ದೆ. ನೀನು ಹೋದ ಮೇಲೆ ಅಮ್ಮ ಅದಕ್ಕೆ ಕತ್ತಿ ತಾಗಿಸಲು ಬಿಡಲೇ ಇಲ್ಲ. ‘ಮಾವ ನೆಟ್ಟಿದ್ದು’ ಅಂದಳು. ಎರಡೇ ವರ್ಷಕ್ಕೆ ಬೇಲಿ ಮನೆಯ ಮಾಡಿನೆತ್ತರ ಬೆಳೆಯಿತು. ಗಿರಿಜಕ್ಕನ ಅಂಗಳಕ್ಕೆ ಬಿಸಿಲಿಲ್ಲ. ಒಣಗದೆ ಬೂಷ್ಟು ಹಿಡಿದ ಅವಳ ಹಲಸಿನ ಹಪ್ಪಳವನ್ನು ಹೊಸನಗರದ ಅಂಗಡಿಯವರು ವಾಪಸ್ಸು ಕಳಿಸಿದರು. ಅವಳು ಬದುಕುವುದೇ ಅದರಲ್ಲಿ ಅಲ್ಲವಾ ಅಜ್ಜ?

ಟೊಂಗೆ ಕಡಿಯುವ ಮಾತಿಗೆ ಜಗಳವಾಗಿ ಅಮ್ಮನೂ ಗಿರಿಜಕ್ಕನೂ ಮಾತು ಬಿಟ್ಟ ದಿನ ನನಗೆ ತಮಾಷೆ ಅನಿಸಿತು. ‘ಸದರಿ ಬೇಲಿಯ ಎಲೆ ಮುಟ್ಟಿದರೂ ಕಲಂ ಹದಿನೇಳರ ಪ್ರಕಾರ ಕ್ರಮ’ ಎಂದು ಒಂದು ನೋಟಿಸು ಮುದ್ರಿಸಿ ಗಿರಿಜಕ್ಕನ ಗೇಟಿಗೆ ಅಂಟಿಸಿದೆ. ನಗುತ್ತಾಳೆ ಅಂದುಕೊಂಡಿದ್ದೆ.

ಮರುದಿನ ಬೇಲಿಯ ಮುಂದೆ ಜೆಸಿಬಿ ನಿಂತಿತ್ತು. ‘ಬೇರು ಸಮೇತ ಕೀಳ್ಸ್ತೀನಿ! ನಂಗೇ ನೋಟಿಸ್ ಕಳಿಸ್ತೀಯಾ?’ ಗಿರಿಜಕ್ಕ ಅಮ್ಮನ ಮೇಲೆ ಹರಿಹಾಯ್ದಳು.

‘ಎಂತ ನೋಟಿಸು? ಕಿತ್ರೆ ನನ್ನನ್ನೂ ಸೇರಿಸಿ ಕೀಳ್ಸು.’ ಅಮ್ಮ ಬೇಲಿಗೆ ಬೆನ್ನು ಕೊಟ್ಟು ನಿಂತಳು. ಯಂತ್ರದ ಹಲ್ಲು ಅವಳ ತಲೆಯ ಮೇಲೇ ಇತ್ತು. ನೀನಾದರೂ ಇದ್ದಿದ್ದರೆ...

‘ನಾನೇ ಬರ್ದಿದ್ದು’ ಎಂದು ಕೂಗಿದೆ. ಡ್ರೈವರ್ ಇಂಜಿನ್ ಆರಿಸಿದ.

‘ಮತ್ತೆ ಆ ಕಲಂ ಹದಿನೇಳು?’

‘ನನ್ನ ರೋಲ್ ನಂಬರು ಗಿರಿಜಕ್ಕ.’

ಯಾರೂ ನಗಲಿಲ್ಲ. ಅಮ್ಮನ ಕೈ ನನ್ನ ಕೆನ್ನೆಗೆ ಏನು ಮಾಡಿತೆಂದು ಬರೆಯುವುದಿಲ್ಲ. ಗಿರಿಜಕ್ಕ ಒಳಗೆ ಹೋಗಿ ಒಂದು ತಟ್ಟೆ ಹಪ್ಪಳ ತಂದು ಅಮ್ಮನ ಮುಂದೆ ಹಿಡಿದಳು, ಅಷ್ಟೂ ಹಸಿರು ಬೂಷ್ಟು. ಅಮ್ಮ ಒಂದನ್ನು ಎತ್ತಿ ಮೂಸಿ ನೋಡಿದಳು.

‘ಬೇರು ಮುಟ್ಬೇಡ’ ಅಂದಳು ಕೊನೆಗೆ. ‘ಮಾವನ ಭುಜದಷ್ಟು ಇರ್ಲಿ.’

‘ನಾ ಬೇರೆ ಎಂತ ಕೇಳಿದ್ನೇ?’

ನಿನ್ನ ಭುಜ ಎಲ್ಲಿಗೆ ಬರುತ್ತಿತ್ತು ಎಂದು ಮತ್ತೆ ಜಗಳ ಶುರುವಾಯಿತು! ‘ಇಲ್ಲಿಗೆ’ ಅಂತ ಅಮ್ಮ, ‘ಕೆಳಗೆ, ದಿನಾ ನೋಡಿದೋಳು ನಾನು’ ಅಂತ ಗಿರಿಜಕ್ಕ. ನಾನು ಎಲೆ ಸರಿಸಿ ನೋಡಿದೆ. ವರ್ಷಗಟ್ಟಲೆ ನೀನು ಕಡಿದ ಜಾಗದಲ್ಲಿ ಗಂಟುಗಟ್ಟಿದ ಕಾಂಡಗಳು ಒಂದೇ ಮಟ್ಟಕ್ಕೆ ಸಾಲಾಗಿದ್ದವು. ಅಮ್ಮ ಅವನ್ನು ಮುಟ್ಟಿ ಮುಟ್ಟಿ ನೋಡಿದಳು. ಮೊದಲ ಟೊಂಗೆ ಕಡಿದವಳೂ ಅವಳೇ.

ಇವತ್ತು ಗಿರಿಜಕ್ಕನ ಅಂಗಳದ ತುಂಬ ಹಪ್ಪಳ. ಕತ್ತಿ ಈಗ ನನ್ನ ವಶದಲ್ಲಿದೆ. ಗಂಟುಗಳ ಸಾಲು ನನ್ನ ಕಿವಿಯ ಮಟ್ಟಕ್ಕಿದೆ. ನನ್ನ ಭುಜ ಅಲ್ಲಿಗೆ ಬರುವ ತನಕ ಆ ಗಂಟುಗಳೇ ಅಳತೆ; ಒಂದು ಟೊಂಗೆಯನ್ನೂ ಅವುಗಳಿಂದಾಚೆ ಹೋಗಲು ಬಿಡುವುದಿಲ್ಲ, ಅಜ್ಜ.