ಮೇಜಿನ ಕೆಳಗಿನ ನಮಸ್ಕಾರ

ಜೂನ್ 10, ಮಂಗಳವಾರ

ಬೆಳಿಗ್ಗೆ ಲುಕಾಯಾ ಕಡೆಯ ಕಾಫಿ. ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು, ಚಮಚದಿಂದ ಹೀರಿ ಉಗುಳಿದೆ. ಎರಡನೆಯ ಸಾಲಿನ ಕಪ್ಪುಗಳಲ್ಲಿ ಬೂಷ್ಟಿನ ರುಚಿ. ಮತ್ತೆ ಹೀರಿದೆ. ಬೂಷ್ಟೇ.

ತಂದ ಮುದುಕರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಹೋಗಿ ಎದುರಿಗೆ ಮಂಡಿಯೂರಿದೆ. ರಾತ್ರಿ ಹೇಗೆ ಕಳೆಯಿತು, ಮನೆಯವರು ಹೇಗಿದ್ದಾರೆ, ಹಸು ಹೇಗಿದೆ... ಎಲ್ಲ ಕೇಳಿದ ಮೇಲೆ ಹೇಳಿದೆ: "ಅಪ್ಪಾ, ಇದನ್ನ ತಗೊಳ್ಳೋಕಾಗಲ್ಲ. ಬರೀ ನೆಲದ ಮೇಲೆ ಒಣಗಿಸಿದ್ದೀರಿ."

"ಟಾರ್ಪಾಲು ಮಗಳ ಮದುವೆ ಚಪ್ಪರಕ್ಕೆ ಹೋಯ್ತಮ್ಮಾ. ಇನ್ನೂ ವಾಪಸ್ ಬಂದಿಲ್ಲ."

"ಮಗಳು?"

"ಅವಳೂ ಬಂದಿಲ್ಲ. ಪುಣ್ಯ."

ಬೈಯಲಿಲ್ಲ, ನಗುತ್ತ ಮೂಟೆ ಹೊರಿಸಿಕೊಂಡು ಹೋದರು. ಮಂಡಿಯೂರಿ 'ಇಲ್ಲ' ಅಂದವಳನ್ನು ಬೈಯುವುದು ನಮ್ಮ ಕಡೆ ಕಷ್ಟ.

ವರದಿಗೆ ಸಹಿ — 'ಮುಖ್ಯಸ್ಥರ ಪರವಾಗಿ'. ಮುಖ್ಯಸ್ಥರೇ ಇಲ್ಲ. ಹಿಂದಿನವರು ನಿವೃತ್ತರಾದ ಮೇಲೆ ನಮ್ಮ ಕಾಫಿ ಸಂಸ್ಥೆಯ ರುಚಿಮನೆಗೆ ನಾನೇ ಹಂಗಾಮಿ. ನಾನು ಬೇಡ ಅಂದ ಮೂಟೆಯನ್ನು ಮೇಲಿನವರು ಯಾರು ಬೇಕಾದರೂ ಬೇಕು ಅನ್ನಬಹುದು, ನನ್ನದು ಪರವಾಗಿ ಹಾಕಿದ ಸಹಿ ತಾನೇ. ಈಗ ಹುದ್ದೆಗೆ ಜಾಹೀರಾತು. ಮಾಡುತ್ತಿರುವ ಕೆಲಸಕ್ಕೇ ಅರ್ಜಿ ಹಾಕಿದ್ದೇನೆ. ನನ್ನ ಕೈಕೆಳಗಿನ ಮುಟ್ಯಾಬನೂ ಹಾಕಿದ್ದಾನೆ, ಅವನ ಕೈಗೆ ಚಮಚ ಕೊಟ್ಟವಳೇ ನಾನು. ಹಾಕಲಿ. ಯಾಕೆ ಹಾಕಬಾರದು?

(ಹಲ್ಲು ಕಚ್ಚಿಕೊಂಡು ಬರೆದ ವಾಕ್ಯ ಇದು.)

ಜೂನ್ 11

ತೆಂಡೊ ಕಂಪಾಲಾದಿಂದ ರಜೆಗೆ ಬಂದಿದ್ದಾಳೆ. ಶುಕ್ರವಾರದ ಸಂದರ್ಶನಕ್ಕೆ ಮಗಳೇ ಈಗ ನನ್ನ ಮೇಷ್ಟ್ರು.

"ಅಮ್ಮಾ, ನಿಮ್ಮ ವೀಕ್‌ನೆಸ್ ಏನು ಅಂತ ಕೇಳೇ ಕೇಳ್ತಾರೆ. ಏನು ಹೇಳ್ತೀಯ?"

"ಇರೋದನ್ನ ಹೇಳ್ತೀನಿ."

"ಸತ್ತೆ! ಇರೋದನ್ನ ಹೇಳಬಾರದು. ದೋಷದ ಥರ ಕೇಳಿಸಬೇಕು, ಆದರೆ ಗುಣ ಆಗಿರಬೇಕು. 'ನಾನು ತೀರಾ ಜಾಸ್ತಿ ಕೆಲಸ ಮಾಡ್ತೀನಿ' ಅನ್ನು."

ನನಗೆ ಸಿಟ್ಟು ಬಂತು, ಮಗಳ ಮೇಲಲ್ಲ. ದಿನವೂ ನಾನು ಕಪ್ಪಿಗೆ ಕೇಳುವ ಪ್ರಶ್ನೆ ಅದೇ: ನಿನ್ನ ದೋಷ ಏನು? ಹುಳಿಯೋ, ಹೊಗೆಯೋ, ಬೂಷ್ಟೋ? ಯಾವ ಕಾಫಿಯೂ ಇವತ್ತಿನವರೆಗೆ 'ನಾನು ತೀರಾ ಒಳ್ಳೆಯ ಕಾಫಿ, ಅದೇ ನನ್ನ ದೋಷ' ಅಂದಿಲ್ಲ.

ಸೆಂಗಾ — ಅಪ್ಪನ ತಂಗಿ, ನನ್ನನ್ನು ತಿದ್ದಿ ತೀಡಿ ಮದುವೆ ಮಾಡಿಕೊಟ್ಟವಳು — ಬಾಳೆಕಾಯಿ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದಳು.

"ಹುಳುಕು ನಾವೇ ತೋರಿಸೋದಾ? ನಿನ್ನ ಹೆಣ್ಣು ಕೇಳೋಕೆ ಬಂದಾಗ ನೀನು ಗೊರಕೆ ಹೊಡೀತೀಯ ಅಂತ ನಾನು ಹೇಳಿದ್ನಾ?"

"ಸೆಂಗಾ, ನಾನು ಗೊರಕೆ ಹೊಡೆಯಲ್ಲ."

"ಅದನ್ನೇ ನಾನೂ ಅಂದಿದ್ದು. ಅದಕ್ಕೇ ಹುಡುಗಿ ಬಾಯಿ ಬಿಡಬಾರದು, ಅವಳ ಕಡೆಯಿಂದ ಸೆಂಗಾ ಮಾತಾಡಬೇಕು. ಶುಕ್ರವಾರ ನನ್ನನ್ನೂ ಕರ್ಕೊಂಡು ಹೋಗು."

ಮೂವರೂ ನಕ್ಕೆವು. ಕರೆದುಕೊಂಡು ಹೋದರೇ ಚೆನ್ನಾಗಿರುತ್ತೇನೋ ಅಂತ ಈಗಲೇ ಅನ್ನಿಸುತ್ತಿದೆ.

ಜೂನ್ 13, ಶುಕ್ರವಾರ, ಮಧ್ಯಾಹ್ನ

ಆದದ್ದು ಆದ ಹಾಗೆ ಬರೆಯುತ್ತೇನೆ.

ತೆಂಡೊ ತೊಡಿಸಿದ ಪ್ಯಾಂಟು, ಕೋಟು. "ದಾಪುಗಾಲು ಹಾಕಿ ಹೋಗು, ಕೈ ಕುಲುಕು, ಕೂತ್ಕೋ." ಸರಿ. ಬಾಗಿಲು ತೆರೆದೆ. ಅಗಲವಾದ ಮೇಜು. ಅದರಾಚೆ ಸಿಬ್ಬಂದಿ ವಿಭಾಗದ ಡೊರೀನ್ — ಜೊಹಾನ್ಸ್‌ಬರ್ಗಿನಲ್ಲಿ ಕಲಿತು ಬಂದವಳು, ನನಗಿಂತ ಚಿಕ್ಕವಳು. ಇನ್ನೊಂದು ತುದಿಗೆ ಲೆಕ್ಕಪತ್ರದವರು. ನಡುವೆ ಸಂಸ್ಥೆಯ ಅಧ್ಯಕ್ಷರು, ಕಾಯೊಂಡೊ. ಅಪ್ಪನ ವಯಸ್ಸು. ಚರ್ಚಿನಲ್ಲಿ ನಮ್ಮ ಮುಂದಿನ ಸಾಲು.

ಅವರನ್ನು ಕಂಡೆ. ಮೊಣಕಾಲು ನನ್ನನ್ನು ಕೇಳಲಿಲ್ಲ. ಮಡಚಿಕೊಂಡಿತು.

ಮೇಜು ಎತ್ತರ. ಮಂಡಿಯೂರಿದವಳು ಅವರ ಕಣ್ಣಿಗೆ ಕಾಣದೆ ಹೋದೆ. ಮೇಲಿನಿಂದ ಡೊರೀನ್ ದನಿ — "ಏನಾದರೂ ಬಿತ್ತಾ?"

ನಾನು ಕೆಳಗಿನಿಂದ, "ಹೇಗಿದ್ದೀರಿ, ಸೆಬೊ?" ಹಿರಿಯರನ್ನು ಕರೆಯುವ ಹಾಗೇ ಕರೆದೆ. ಅಧ್ಯಕ್ಷರು ಅವಸರ ಮಾಡಲಿಲ್ಲ. "ಚೆನ್ನಾಗಿದ್ದೀನಮ್ಮಾ. ಮನೆಯಲ್ಲಿ ಹೇಗಿದ್ದಾರೆ? ನಿಮ್ಮ ಸೆಂಗಾ ಹೇಗಿದ್ದಾಳೆ?" ನೆಮ್ಮದಿಯಾಗಿ, ಒಂದೊಂದಾಗಿ. ನಮಸ್ಕಾರವನ್ನು ಪೂರ್ತಿ ತೆಗೆದುಕೊಂಡರು. ಏಳು ಅನ್ನಲಿಲ್ಲ.

ಎದ್ದು ಕೂತೆ. ಪ್ಯಾಂಟಿನ ಮಂಡಿಗೆ ಧೂಳು.

ಕೆಲಸದ ಪ್ರಶ್ನೆಗಳು ಸಲೀಸಾಗಿ ಮುಗಿದವು. ಆಮೇಲೆ ಡೊರೀನ್ ಪೆನ್ನು ತಟ್ಟುತ್ತ, "ಇದನ್ನು ಎಲ್ಲರಿಗೂ ಕೇಳಬೇಕು. ನಿಮ್ಮ ದೌರ್ಬಲ್ಯ ಏನು, ನಲ್ವೋಗಾ? ಆಗಲೇ ನೋಡಿಬಿಟ್ಟೆವೇನೋ..." ಅಂದು ಮೇಜಿನ ಅಂಚಿನ ಕಡೆ ಕಣ್ಣು ಹಾಯಿಸಿದಳು.

ಲೆಕ್ಕಪತ್ರದವರು ನಕ್ಕರು. ಅಧ್ಯಕ್ಷರೂ ನಕ್ಕರು.

ಅಧ್ಯಕ್ಷರೂ.

ನಾನು ಏನಂದೆ? "ತೀರಾ ಜಾಸ್ತಿ ಕೆಲಸ ಮಾಡ್ತೀನಿ" ಅಂದೆ. ಬೂಷ್ಟು ಹಿಡಿದ ಮಾತು, ನನ್ನದೇ ಬಾಯಿಂದ. ಡೊರೀನ್ ಬರೆದುಕೊಂಡಳು. ಬಂದೆ.

ಜೂನ್ 14

ನಿನ್ನೆ ಕೊಡಬೇಕಾಗಿದ್ದ ಉತ್ತರ ಬಟ್ಟೆ ಒಗೆಯುವಾಗ ಬಂತು. ಒಂದಲ್ಲ, ಸಾಲಾಗಿ. ನೆನೆಸಿದ ದುಪ್ಪಟಿಯನ್ನು ಕಲ್ಲಿಗೆ ಬಡಿದೆ. ತೆಂಡೊ ಇಣುಕಿ, "ಅಮ್ಮಾ, ದುಪ್ಪಟಿ ಏನು ಮಾಡ್ತು?" ಅಂದಳು.

ಅವಳಿಗೆ ಮಂಡಿಯೂರುವುದೆಂದರೆ ಆಗದು. "ನೀನು ಯಾಕೆ ಕೂತೆ ಕೆಳಗೆ? ಆ ಮುಟ್ಯಾಬ ಕೂತನಾ?" ಇಲ್ಲ, ಗಂಡಸರು ಕೂರುವುದಿಲ್ಲ. ಅವಳದು ತಪ್ಪಲ್ಲ. ಕಾನ್ವೆಂಟಿನಲ್ಲಿ ನನಗೂ ಸಿಸ್ಟರುಗಳು ನೇರ ನಿಂತು ಗುಡ್ ಮಾರ್ನಿಂಗ್ ಹೇಳುವುದನ್ನು ಕಲಿಸಿದರು; ಮನೆಗೆ ಬಂದರೆ ಸೆಂಗಾ ಮಂಡಿ ನೆಲಕ್ಕೆ ಒತ್ತುತ್ತಿದ್ದಳು. ನನಗೆ ಅದು ಇಷ್ಟವೋ, ಬರೀ ರೂಢಿಯೋ? ಲುಕಾಯಾದ ಮುದುಕರ ಮುಂದೆ ಕೂತಾಗ ಕುಗ್ಗಿದ ಹಾಗೆ ಅನ್ನಿಸುವುದಿಲ್ಲ. ಅವರೂ ಬೆಂಚಿನಿಂದ ಮುಂದೆ ಬಾಗುತ್ತಾರೆ. ನಿನ್ನೆ ಬಾಗಿದವಳು ನಾನೊಬ್ಬಳೇ.

ಡೊರೀನ್ ಮೇಲಿನ ಸಿಟ್ಟು ಆಗಲೇ ಇಳಿದಿದೆ. ಅವಳು ಮಂಡಿಯೂರುವುದನ್ನೇ ಬಿಟ್ಟು ಬಂದವಳು, ನಗುತ್ತಾಳೆ. ಅಧ್ಯಕ್ಷರು? ಅವರಿಗೆ ಮಂಡಿ ಬೇಕು, ನಗೆಯೂ ಬೇಕು.

ಜೂನ್ 17

ಮುಟ್ಯಾಬ ಹುರಿಯುವ ಯಂತ್ರದ ಹತ್ತಿರ ಸುಳಿದಾಡುತ್ತಿದ್ದ.

"ನ್ಯಾಬೊ, ಅಮ್ಮಾವ್ರೇ, ನಿಮ್ಮ ದೌರ್ಬಲ್ಯ ಏನು ಹೇಳಿದ್ರಿ?"

"ಜಾಸ್ತಿ ಕೆಲಸ ಮಾಡ್ತೀನಿ ಅಂತ."

"ಅಯ್ಯೋ ದೇವರೇ! ನಾನೂ ಅದನ್ನೇ ಹೇಳಿದ್ದು!"

"ನೀನಾ? ಊಟಕ್ಕೆ ಹೋದರೆ ಸಂಜೆ ಬರೋನು?"

ನಗು ತಡೆಯಲಾಗಲಿಲ್ಲ, ಇಬ್ಬರಿಗೂ. ಇವನ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಪಟ್ಟೆ. ನಿಲ್ಲಲಿಲ್ಲ.

ಜೂನ್ 25, ಬುಧವಾರ

ಇಬ್ಬರಿಗೂ ಅಂಕ ಸಮ. ಮತ್ತೆ ಕರೆದರು.

ನನ್ನ ಹಳೆಯ ಲಂಗ, ರವಿಕೆ. ಅದೇ ಮೇಜು, ಅದೇ ಮೂವರು. ಒಳಗೆ ಹೋದೆ, ನಿಂತೆ. ಮೊಣಕಾಲು ಕೇಳಿತು, ಈ ಸಲ ಕೇಳಿತು. ಬೇಡ ಅಂದೆ. ನಿಂತೇ ಕ್ಷೇಮ ಕೇಳಿದೆ. ಅಧ್ಯಕ್ಷರು ಕಾದರು. ನಾನು ಕೆಳಗಿಳಿಯುವುದನ್ನು ಕಾದರು. ಆಮೇಲೆ "ಹೂಂ" ಅಂದರು, ಅಷ್ಟೇ. ಅವರಿಗೆ ಈ ಸಲ ಸೆಂಗಾ ನೆನಪಾಗಲಿಲ್ಲ.

ಡೊರೀನ್ ಅದೇ ಪ್ರಶ್ನೆಗೆ ಬಂದಳು. "ಇಬ್ಬರೂ ಒಂದೇ ಉತ್ತರ ಕೊಟ್ಟಿದ್ದೀರಿ. ಈ ಸಲ ನಿಜ ಹೇಳಿ."

"ನನ್ನ ಸಿಟ್ಟು ತಡವಾಗಿ ಬರುತ್ತೆ," ಅಂದೆ. "ಬರಬೇಕಾದ ಜಾಗದಲ್ಲಿ ಬರಲ್ಲ. ಮನೆಗೆ ಹೋಗಿ ಬಟ್ಟೆ ಒಗೆಯುವಾಗ ಬರುತ್ತೆ. ಹೋದ ಸಲದ್ದು ಈಗ ಬಂದಿದೆ."

ಪೆನ್ನು ನಿಂತಿತು. ನಾನು ಅಧ್ಯಕ್ಷರ ಕಡೆ ತಿರುಗಿದೆ.

"ಸೆಬೊ, ಹೋದ ಸಲ ನಾನು ಮಂಡಿಯೂರಿದೆ. ನಮಸ್ಕಾರ ತಗೊಂಡ್ರಿ. ಇವರು ಅದನ್ನ ನೋಡಿ ನಕ್ಕಾಗ ನೀವೂ ನಕ್ಕಿರಿ. ಎರಡೂ ಇಟ್ಕೊಳ್ಳೋಕಾಗಲ್ಲ. ಒಂದು ವಾಪಸ್ ಕೊಡಿ."

ಅಧ್ಯಕ್ಷರು ನೀರಿನ ಲೋಟ ಎತ್ತಿದರು. ಕುಡಿಯಲಿಲ್ಲ.

ಸಂಜೆ ಸೆಂಗಾಗೆ ಹೇಳಿದೆ. ಬಾಯಿಗೆ ಕೈ ಅಡ್ಡ ಹಿಡಿದಳು. "ಹಿರಿಯರಿಗೆ ಹಾಗಂದೆಯಾ! ನಾನು ಬೆಳೆಸಿದ್ದು ನಿನ್ನನ್ನೇನಾ?" ಬಾಳೆಕಾಯಿಯನ್ನು ಎಲೆಯಲ್ಲಿ ಕಟ್ಟಿ, ಒಲೆಗಿಟ್ಟು, ಬೆನ್ನು ತಿರುಗಿಸಿಯೇ ಕೇಳಿದಳು — "ವಾಪಸ್ ಕೊಟ್ಟನಾ?"

"ಇಲ್ಲ."

"ಭಾನುವಾರ ಚರ್ಚಿಗೆ ಬರ್ತಾನಲ್ಲ, ಬರಲಿ."

ಜುಲೈ 1

ಡೊರೀನ್ ಕೋಣೆಗೆ ಕರೆದಳು. ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ.

"ಮುಟ್ಯಾಬನಿಗೆ ಅನುಭವ ಸಾಲದು ಅಂತಾಯ್ತು. ನಿಮ್ಮಲ್ಲಿ ಎರಡು ಕೊರತೆ ಕಂಡಿದ್ದೇವೆ. ಒಂದು, ಆತ್ಮವಿಶ್ವಾಸ ಕಡಿಮೆ. ಅದು ನಾನು ಬರೆದದ್ದು, ಮೊದಲ ದಿನ. ಎರಡು, ಹಿರಿಯರಲ್ಲಿ ವಿನಯ ಕಡಿಮೆ. ಅದು ಅಧ್ಯಕ್ಷರದ್ದು."

"ಎರಡೂ ನಾನೇನಾ?"

ಅವಳು ಕಣ್ಣು ತಪ್ಪಿಸಿದಳು. "ಎರಡೂ ನೀವೇ. ಈ ಸುಗ್ಗಿ ಮುಗಿಯುವವರೆಗೆ ಹಂಗಾಮಿಯಾಗಿಯೇ ಇರಿ. ಆಮೇಲೆ ನೋಡೋಣ."

ಆಗಲಿ ಅಂದು ಬಂದೆ. ಆಗಲಿ ಅಂದೆ! ಮೆಟ್ಟಿಲಿಳಿದು ರುಚಿಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ಕೈ ಬಿಸಿಯಾಗಿತ್ತು. ಸಿಟ್ಟು ಮೊದಲು ಮರುದಿನ ಬರುತ್ತಿತ್ತು. ಈಗ ಮೆಟ್ಟಿಲ ಕೆಳಗೆ ಸಿಕ್ಕುತ್ತದೆ.

ಜುಲೈ 3, ಗುರುವಾರ

ಲುಕಾಯಾದ ಮುದುಕರು ಮತ್ತೆ ಬಂದಿದ್ದರು. ಟಾರ್ಪಾಲು ಸಿಕ್ಕಿದೆ. ಮಂಡಿಯೂರಿದೆ, ಅವರು ಬೆಂಚಿನಿಂದ ಬಾಗಿದರು. ಕಪ್ಪಿನಲ್ಲಿ ಬೂಷ್ಟಿಲ್ಲ, ಶುದ್ಧ. ತಗೊಂಡೆವು.

ವರದಿಗೆ ಸಹಿ ಹಾಕುವಾಗ 'ಮುಖ್ಯಸ್ಥರ ಪರವಾಗಿ' ಅಂತ ಅಚ್ಚಾದದ್ದನ್ನು ಅಡ್ಡಗೆರೆ ಎಳೆದು ಹೊಡೆದೆ. ಬರೀ ನನ್ನ ಹೆಸರು. ನಿನ್ನೆಯವಕ್ಕೂ ಹಾಗೇ ಮಾಡಿದ್ದೆ, ಮೊನ್ನೆಯವಕ್ಕೂ.

ಮುಟ್ಯಾಬ ಈಗ ಓಡಿ ಬಂದ. "ನ್ಯಾಬೊ, ಮೇಲೆ ಕರೀತಿದ್ದಾರೆ. ಸಹಿ ವಿಷಯ. ಅಧ್ಯಕ್ಷರೂ ಕೂತಿದ್ದಾರೆ. ಹೋಗೋದು ಸ್ವಲ್ಪ ಹೊತ್ತಾದ ಮೇಲೆ... ತಣ್ಣಗಾಗಲಿ..."

ಬೇಡ. ತಣ್ಣಗಾದ ಕಪ್ಪಿನಲ್ಲಿ ದೋಷ ಇನ್ನೂ ಚೆನ್ನಾಗಿ ತಿಳಿಯುತ್ತದೆ, ನಿಜ. ಆದರೆ ಸಿಟ್ಟು ಈಗ ಬಿಸಿಯಾಗಿಯೇ ಇದೆ, ಮೆಟ್ಟಿಲು ಹತ್ತುವ ಮೊದಲೇ ಬಂದಿದೆ. ಹೇಳಬೇಕಾದದ್ದು ಗೊತ್ತಿದೆ. ನಿಂತೇ ಹೇಳುವುದು. ಬಾಗಿಲು ತೆರೆದ ಕೂಡಲೇ, ಅವರು ಏನೂ ಕೇಳುವ ಮೊದಲೇ, ಸೆಬೊ, ನನ್ನ ಹೆಸರು ನಲ್ವೋಗಾ, ಆ ಸಹಿ ಯಾರ ಪರವಾಗಿಯೂ ಅಲ್ಲ, ನನ್ನದು.