ಒಂಬತ್ತನೇ ಕಾಲಮ್ಮಿನಲ್ಲಿ ನಾನು ಬರೆದ ಸುಳ್ಳು

ಆರೋಗ್ಯ ಪ್ರಮಾಣಪತ್ರ ವಿಭಾಗದ ಮುಖ್ಯಸ್ಥರೇ,

ತಮ್ಮ ಅರ್ಜಿ ನಮೂನೆಯ ಒಂಬತ್ತನೇ ಕಾಲಂ ‘ರೋಗದ ಕಾರಣ’ ಕೇಳುತ್ತದೆ. ನನ್ನ ಎರಡೂ ಕೈಗಳು ಏಳು ವರ್ಷದಿಂದ ಕೆಂಪಗೆ ಊದಿ, ಬಿರಿದು, ಉರಿಯುತ್ತಿವೆ. ಕಾರಣ ನನಗೆ ಗೊತ್ತಿಲ್ಲ, ನಾಲ್ವರು ಚರ್ಮವೈದ್ಯರಿಗೂ ಗೊತ್ತಿಲ್ಲ. ಅಂಟುರೋಗವಲ್ಲ ಎಂದು ನಾಲ್ವರೂ ಬರೆದುಕೊಟ್ಟಿದ್ದಾರೆ; ಕಾರಣದ ಜಾಗದಲ್ಲಿ ‘ತಿಳಿದುಬಂದಿಲ್ಲ’ ಎಂದಿದ್ದಾರೆ. ತಮ್ಮ ಕಚೇರಿ ಅದಕ್ಕೆ ‘ಅಪೂರ್ಣ’ ಎಂಬ ಮುದ್ರೆ ಒತ್ತಿ ಮೂರು ಸಲ ಹಿಂದಕ್ಕೆ ಕಳಿಸಿತು. ವೈದ್ಯಶಾಸ್ತ್ರಕ್ಕೇ ಸಿಗದ್ದು ನನ್ನ ಪೆನ್ನಿನ ತುದಿಗೆ ಎಲ್ಲಿಂದ ಬರಬೇಕು ಸ್ವಾಮಿ?

ನಾನು ಶಿಶುವಿಹಾರದ ಶಿಕ್ಷಕಿ. ಬೆಳಿಗ್ಗೆ ಗೇಟಿನಿಂದ ಮಕ್ಕಳನ್ನು ಕೈಹಿಡಿದು ಒಳಗೆ ಕರೆತರುವುದೇ ನನ್ನ ಮೊದಲ ಕೆಲಸ. ನನ್ನ ಕೈ ನೋಡಿ ಪೋಷಕರೊಬ್ಬರು ದೂರು ಕೊಟ್ಟರು. "ಸರ್ಟಿಫಿಕೇಟ್ ಬರೋವರೆಗೂ ಆಟಿಕೆ ಕೋಣೆಯಲ್ಲಿ ಕೂತಿರಿ" ಎಂದರು ಮುಖ್ಯೋಪಾಧ್ಯಾಯಿನಿ. ಕಾರಣ ಹೇಳುವವರಿಗೇನೂ ಬರವಿರಲಿಲ್ಲ ಬಿಡಿ. ಅತ್ತೆ ಬದನೆಕಾಯಿ ಅಂದರು, ನಾದಿನಿ ಬಳೆ ಅಂದಳು, ಬಸ್ಸಿನಲ್ಲಿ ಪಕ್ಕ ಕೂತವಳು "ಯಾರದೋ ಹೊಟ್ಟೆಕಿಚ್ಚು ಕಣ್ರೀ" ಅಂದಳು. ಬದನೆ ಬಿಟ್ಟೆ, ಬಳೆ ತೆಗೆದೆ. ಉರಿ ಎಳ್ಳಷ್ಟೂ ಇಳಿಯಲಿಲ್ಲ.

ನಾಲ್ಕನೇ ಸಲ ತಮ್ಮ ಗುಮಾಸ್ತರು ಕನಿಕರದಿಂದಲೇ ಹೇಳಿದರು: "ಏನಾದ್ರೂ ಒಂದು ಬರೀರಿ ಮೇಡಂ, ಖಾಲಿ ಇರಬಾರದು ಅಷ್ಟೆ." ನನಗೂ ಸಾಕಾಗಿತ್ತು. ‘ಶಾಲೆಯ ಮೇಜು ಒರೆಸುವ ಸೋಪಿನ ನೀರು’ ಎಂದು ಗೀಚಿದೆ. ಆಹಾ, ಎಂಥ ಚುರುಕು! ಮಾರನೆಯ ದಿನವೇ ಪ್ರಮಾಣಪತ್ರ ಕೈಸೇರಿತು. ಜೊತೆಗೆ ಶಾಲೆಗೊಂದು ಆದೇಶ: ಸೋಪು ಬೆರೆಸುವವರ ನಿರ್ಲಕ್ಷ್ಯ ಸಾಬೀತಾಗಿದೆ, ಕ್ರಮ ಜರುಗಿಸಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಸೋಪು ಬೆರೆಸುತ್ತಿದ್ದವಳು ನಮ್ಮ ಆಯಮ್ಮ. ಹದಿನಾರು ವರ್ಷದ ಕೆಲಸ ನನ್ನ ಒಂದು ಸಾಲಿಗೆ ಹೋಯಿತು. ನನ್ನ ಕೈ ಬಿರಿದಾಗಲೆಲ್ಲ ಹಳೇ ಹತ್ತಿಬಟ್ಟೆ ಸುತ್ತಿ "ನೋಯ್ತಾ ಇದೆಯಾ ಟೀಚರ್?" ಎಂದು ಕೇಳುತ್ತಿದ್ದವಳು ಆ ಶಾಲೆಯಲ್ಲಿ ಅವಳೊಬ್ಬಳೇ. ಹೋಗುವ ದಿನ ಗೇಟಿನ ಹತ್ತಿರ ನಿಂತು, "ನೀರು ಜಾಸ್ತಿ ಹಾಕಿ ತೆಳ್ಳಗೇ ಮಾಡ್ತಿದ್ದೆ. ಆದ್ರೂ ನನ್ನಿಂದ ನಿಮಗೆ ಹೀಗಾಯ್ತಲ್ಲ, ತಪ್ಪಾಯ್ತಮ್ಮ" ಎಂದು ನನ್ನ ಕ್ಷಮೆ ಕೇಳಿದಳು. ನಾನು ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಪ್ರಮಾಣಪತ್ರ ಹೋಗುತ್ತದಲ್ಲ! ಇದನ್ನು ಬರೆಯಲೂ ನಾಚಿಕೆಯಾಗುತ್ತಿದೆ.

ಶಾಲೆಯಲ್ಲೀಗ ಹೊಸ ಸೋಪು, ಹೊಸ ಆಯಾ. ನನ್ನ ಕೈ ಮಾತ್ರ ಹಾಗೇ ಇದೆ. ನಾಳೆ ಮೊಣಕೈಗೂ ಹಬ್ಬಿದರೆ ಯಾರನ್ನು ಬರೆಯಲಿ, ಹೇಳಿ? ಗೇಟು ಕಾಯುವವನನ್ನೋ?

ಪ್ರಮಾಣಪತ್ರವನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಆ ಆದೇಶ ರದ್ದು ಮಾಡಿ, ಆಯಮ್ಮನನ್ನು ಮರಳಿ ಕರೆಸಿ. ‘ತಿಳಿದಿಲ್ಲ’ ಎಂಬುದನ್ನೂ ಒಂದು ಉತ್ತರವೆಂದು ಒಪ್ಪಿಕೊಳ್ಳಿ. ಇದರಲ್ಲಿ ಒಂದಾದರೂ ಆದೀತೆಂಬ ನಂಬಿಕೆ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನಿನ್ನೆ ಅವಳ ಮನೆಗೆ ಹೋಗಿ ನಿಜ ಹೇಳಿದೆ. ಅವಳು ಬಹಳ ಹೊತ್ತು ನನ್ನ ಕೈಗಳನ್ನೇ ನೋಡುತ್ತ ಕೂತಳು. ನೋಯುತ್ತಿದೆಯಾ ಎಂದು ಕೇಳಲಿಲ್ಲ.

ಇಂತಿ,
ಕಾರಣ ಗೊತ್ತಿಲ್ಲದೆ, ಆಟಿಕೆ ಕೋಣೆಗೆ ತಾನಾಗಿಯೇ ಮರಳಿದ
ಒಬ್ಬ ಶಿಕ್ಷಕಿ