ಹಾಲು ಆರದ ಕೊಡಿ

ಪೆರಾಬೆ
೨-೨-೧೯೭೧

ಪ್ರೀತಿಯ ಅಕ್ಕ ಕಮಲಾವತಿಗೆ ತಮ್ಮ ಮಹಾಬಲನ ನಮಸ್ಕಾರಗಳು.

ನಿನ್ನ ಕಾಗದ ಬಂದು ಹದಿನೈದು ದಿನ ಕಳೆಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಬೈದರೂ ಪರವಾಗಿಲ್ಲ, ನಿನಗೆ ಆ ಹಕ್ಕುಂಟು. ಇಲ್ಲಿ ನಾವೆಲ್ಲ ಆರೋಗ್ಯವಾಗಿದ್ದೇವೆ. ನನ್ನ ಹೆಂಡತಿ ಅಮ್ಮುವಿನ ಸೊಂಟನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಮೊದಲಿನಂತೆಯೇ. ಪುತ್ತೂರಿನಲ್ಲಿ ಪಂಕಜಾಕ್ಷಿಗೆ ಸಂಬಂಧ ಕುದುರಿದ್ದು ಕೇಳಿ ನಿಜಕ್ಕೂ ಸಂತೋಷವಾಯಿತು.

ನೀನು ಕೇಳಿದ್ದು ಒಂದೇ ಮಾತು. ಭಾವ ಬೇಟೆಗೆ ಹೋದವರು ಕಾಡಿನಲ್ಲಿ ಕಾಣೆಯಾಗಿ ಈ ಕೆಡ್ಡಸ ಹಬ್ಬಕ್ಕೆ ಹನ್ನೆರಡು ವರ್ಷ. ಮಗಳ ಮದುವೆಗೆ ಮೊದಲು ಅಪ್ಪನ ಬೊಜ್ಜ, ಉತ್ತರಕ್ರಿಯೆ ಮುಗಿಸಿ ಎಂದು ಗಂಡಿನ ಕಡೆಯವರು ಹೇಳುತ್ತಿದ್ದಾರೆ. "ಅವರು ಸತ್ತಿದ್ದಾರೆಂದು ನಿನ್ನ ಬಾಯಿಂದ ಒಮ್ಮೆ ಹೇಳು, ಮತ್ತೆ ನಾನು ಕರಿಮಣಿ ತೆಗೆಯುತ್ತೇನೆ" ಎಂದು ಬರೆದಿದ್ದೀ. ಹೇಳಿಯೇಬಿಡುವುದೆಂದು ಮೂರು ಸಲ ಇನ್‌ಲ್ಯಾಂಡ್ ಬಿಡಿಸಿ ಕೂತೆ. ಅಷ್ಟರಲ್ಲಿ ಹೀಗಾಯಿತು.

ಚುನಾವಣೆಯೆಂದು ನಮ್ಮ ಕೋವಿಗಳೆಲ್ಲ ಪೊಲೀಸ್ ಠಾಣೆಯಲ್ಲಿವೆ. ಹಾಗೆಂದು ಕೆಡ್ಡಸದ ಬೇಟೆ ತಪ್ಪಿಸುವುದುಂಟೇ? ಅಜ್ಜನ ಬಿಲ್ಲನ್ನು ಅಟ್ಟದಿಂದ ಇಳಿಸಿದೆ. ಅಮ್ಮು ನಕ್ಕದ್ದೇ ನಕ್ಕದ್ದು: "ಎಂತ, ಈ ವಯಸ್ಸಿಗೆ ಯಕ್ಷಗಾನ ಮೇಳಕ್ಕೆ ಸೇರುದಾ?" ಬಿಲ್ಲಿನಲ್ಲಿ ಹೊಡೆಯಬೇಕಾದರೆ ಕಡವೆ ಇಪ್ಪತ್ತು ಹೆಜ್ಜೆಯೊಳಗೆ ಬರಬೇಕು. ನಮ್ಮ ಹಳೆಯ ಕಾಡು ಈಗ ಸರಕಾರದ ರಬ್ಬರ್ ತೋಟ. ಕಾಡು ಕಡಿದು ಬೋಳು ಮಾಡುವಾಗ ನಾನು ದಿನಾ ಹೋಗಿ ನಿಲ್ಲುತ್ತಿದ್ದೆ, ಅಕ್ಕ. ಭಾವನದ್ದು ಎನ್ನುವ ಒಂದು ಅಂಗಿಗುಂಡಿ, ಒಂದು ಎಲುಬೂ ಸಿಗಲಿಲ್ಲ. ಹಾಗಾಗಿ ಹೊಸ ಜಾಗ ನೋಡಲು ಮೊನ್ನೆ ಬೆಳಿಗ್ಗೆ ಹೊಳೆ ದಾಟಿ ಹೊರಟೆ. ಜೊತೆಗಿದ್ದದ್ದು ಆಲಂಕಾರಿನ ಅಬ್ಬಾಸ್; ಬೆತ್ತ ಕಡಿಯಲು ಹೋಗಿ ಹೋಗಿ ಆ ಕಾಡನ್ನು ಬಲ್ಲವನು.

ನೀರು ಹರಿಯುವ ತೋಡಿನ ಬದಿ ಹಿಡಿದು ಹತ್ತುವಾಗ ಎದೆಯೆತ್ತರದ ಹೆಬ್ಬಲಸಿನ ಗಿಡವೊಂದರ ತುದಿಯ ಎಳೆ ಕೊಡಿ ಮುರಿದಿತ್ತು. ಬೇಟೆಗೆ ಜಾಗ ನೋಡುವವರು ಮೃಗ ಹೋದ ದಿಕ್ಕಿಗೆ ಕೊಡಿ ಮುರಿದಿಡುವುದು ನಿನಗೂ ಗೊತ್ತು. ಒಬ್ಬೊಬ್ಬರದ್ದು ಒಂದೊಂದು ಕ್ರಮ. ಎಡಗೈಯಲ್ಲಿ ತಿರುಚಿ, ತುದಿಯನ್ನು ಅದರದ್ದೇ ಎಲೆಯೊಳಗೆ ತೂರಿಸುತ್ತಿದ್ದವರು ನಮ್ಮಲ್ಲಿ ಭಾವ ಒಬ್ಬರೇ. ಇದೂ ಹಾಗೆಯೇ ಇತ್ತು.

ಅಬ್ಬಾಸ್ ಮುಟ್ಟಿ ನೋಡಿದ. "ಇದು ಈಗ ಮುರಿದದ್ದು ಮಾರಾಯ್ರೆ. ಹಾಲು ಆರ್ಲಿಲ್ಲ."

"ಬೆತ್ತದವರು ಯಾರಾದ್ರೂ ಬಂದಿರ್ಬೇಕು," ಎಂದೆ.

"ಬೆತ್ತಕ್ಕೆ ಈ ಬದಿ ಬರುದು ನಾನೊಬ್ಬನೇ."

ಆದರೂ ಕಾಲು ನಿಲ್ಲಲಿಲ್ಲ. ಇಪ್ಪತ್ತು ಮಾರಿಗೊಂದರಂತೆ ಗುರುತು ಸಿಗುತ್ತ ಹೋಯಿತು. ಕೊನೆಗೆ ಒಂದು ನೀರಗುಂಡಿ. ಅದರ ಬದಿಯಲ್ಲಿ ಕೋಡಿನ ಕಡವೆಯೊಂದು ನಮ್ಮನ್ನೇ ನೋಡುತ್ತ ನಿಂತಿತ್ತು. ಗಾಳಿ ನಮ್ಮಿಂದ ಅದರ ಕಡೆಗೇ ಬೀಸುತ್ತಿತ್ತು, ಆದರೂ ಅದು ಓಡಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೈಯೂರಿದ ಅಬ್ಬಾಸ್ ತಟ್ಟನೆ ಕೈ ತೆಗೆದ. ಬಿಸಿಲೇ ಬೀಳದ ಜಾಗದ ಕಲ್ಲು, ಯಾರೋ ಆಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು. ಕಲ್ಲಿನ ಹಿಂದಿನ ಗಿಡದಲ್ಲಿ ಕೊನೆಯ ಕೊಡಿ. ಅದು ಕಡವೆಯನ್ನು ತೋರಿಸುತ್ತಿರಲಿಲ್ಲ. ನಾವು ನಿಂತ ಕಡೆಗೆ ತಿರುಗಿತ್ತು.

"ಇನ್ನು ಹೋಗುದು ಬೇಡ," ಎಂದ ಅಬ್ಬಾಸ್. "ಇದು ಮೃಗಕ್ಕೆ ಇಟ್ಟ ಗುರುತಲ್ಲ."

ಬಾಣ ಬತ್ತಳಿಕೆಯಲ್ಲೇ ಉಳಿಯಿತು. ಇಬ್ಬರೂ ಹಿಂದಕ್ಕೆ ನೋಡದೆ ಇಳಿದು ಬಂದೆವು.

ನೆರೆಮನೆಯ ಹಿರಿಯರಾದ ದುಗ್ಗಪ್ಪಣ್ಣನಿಗೆ ಹೇಳಿದರೆ, "ನಿನ್ನ ಭಾವ ಸತ್ತದ್ದಲ್ಲ ಮಾರಾಯ, ಮಾಯ ಆದದ್ದು. ಬೊಜ್ಜ ಅಲ್ಲ, ದೈವಕ್ಕೆ ಕೊಡುವ ಹಾಗೆ ತಂಬಿಲ ಕೊಡಿ" ಎನ್ನುತ್ತಾರೆ. ಯಾರೋ ತಮಾಷೆ ಮಾಡಿದ್ದೆಂದು ಅಮ್ಮುವಿನ ವಾದ. ನನಗಂತೂ ಹೆದರಿಕೆಯಾಗಿದೆ, ಅಕ್ಕ. ಸತ್ತಿದ್ದಾರೆ ಎಂದು ಬರೆಯಲು ಕೈ ಬರುವುದಿಲ್ಲ. ಇದ್ದಾರೆ ಎನ್ನಲೂ ಧೈರ್ಯವಿಲ್ಲ. ಈ ವರ್ಷ ನಾನು ಬೇಟೆಗಿಲ್ಲ.

ಪಂಕಜಾಕ್ಷಿಗೆ ಮಾವನ ಆಶೀರ್ವಾದ. ಹೋದ ಮನೆಯಲ್ಲಿ ನಗುನಗುತ್ತ ಬಾಳಲಿ. ಕೆಳಗಿನದನ್ನು ಓದಿದ ಮೇಲೂ ನಿನ್ನ ಆಶೀರ್ವಾದ ನನಗಿರಲಿ.

ನಿನ್ನ ತಮ್ಮ,
ಮಹಾಬಲ

ತಾ.ಕ.: ಬೇಟೆಯಲ್ಲಿ ಒಬ್ಬ 'ಕೂ' ಹಾಕಿದರೆ ಕೇಳಿದವನು ತಿರುಗಿ 'ಕೂ' ಹಾಕಲೇಬೇಕು. ಭಾವ ಕಾಣೆಯಾದ ದಿನ ನನಗೇನೂ ಕೇಳಿಸಲಿಲ್ಲ ಎಂದು ನಿಮಗೆಲ್ಲ ಹೇಳಿದ್ದೆ. ಕೇಳಿಸಿತ್ತು. ಕೆಳಗಿನ ತೋಡಿನ ಕಡೆಯಿಂದ, ಎರಡು ಸಲ. ಬೆಳಿಗ್ಗೆ ನನ್ನ ಗುರಿ ತಪ್ಪಿದಾಗ ಭಾವ ಎಲ್ಲರೆದುರು ಹೀಯಾಳಿಸಿದ್ದರು. ಸ್ವಲ್ಪ ಅಲೆಯಲಿ ಎಂದು ಬಾಯಿ ಮುಚ್ಚಿ ಕೂತೆ. ಮೂರನೆಯ ಸಲ ಅವರು ಕೂ ಹಾಕಲಿಲ್ಲ, ನನ್ನ ಹೆಸರು ಹಿಡಿದು ಕರೆದರು. ಆಗಲೂ ನಾನು ಓಗೊಡಲಿಲ್ಲ. ತೋಡು ಎಂದರೆ ಕೇಳಿಸಿದ್ದು ಗೊತ್ತಾಗುತ್ತದೆಂದು, ಹುಡುಕಲು ಬಂದವರಿಗೆ ಮೇಲಿನ ಗುಡ್ಡ ತೋರಿಸಿದೆ. ಮೂರು ದಿನ ಎಲ್ಲರೂ ಅಲ್ಲೇ ಹುಡುಕಿದರು. ನಾನೂ ಅವರ ಜೊತೆ ಭಾವಾ, ಭಾವಾ ಎಂದು ಕೂಗುತ್ತ ತಿರುಗಿದೆ. ಇಂಥವನ ಬಾಯಿಂದ ನೀನು ಆ ಮಾತು ಕೇಳಬೇಡ, ಅಕ್ಕ.